ಮಂಚಿನೀಳ್ಳು

ಧರ್ಮಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಬೆಳಗಾಯಿತೆಂದರೆ ಫಿನಾಯಿಲಿನ ವಾಸನೆ, ಬೇಸಿನ್ನುಗಳ ಗಲಾಟೆ, ಆಯಾ ದಾಸಮ್ಮನ ಬೈಗುಳ ಎಲ್ಲವೂ ಒಟ್ಟಿಗೇ ಏಳುತ್ತಿದ್ದವು. ಆಮೇಲೆ ಯಾವ ರೋಗಿಯೂ ನಿದ್ದೆ ಮಾಡುವಂತಿರಲಿಲ್ಲ. ಸಿರಾದ ಫಕ್ರುನ್ನೀಸಾ ರಾತ್ರಿ ಹಾಸಿದ್ದ ಚಾಪೆ ಸುತ್ತಿ ಅತ್ತೆಯ ಮಂಚದ ಕೆಳಗೆ ತಳ್ಳಿದಳು. ಒದ್ದೆ ಬಟ್ಟೆಯಿಂದ ಅತ್ತೆಯ ಮುಖ ಒರೆಸಿದಳು. ರಹಮತ್ ಬಿ ಕಣ್ಣು ಬಿಡಲಿಲ್ಲ. ನ್ಯುಮೋನಿಯಾ ಜ್ವರ ಇನ್ನೂ ಮೈಯನ್ನು ಕಾಯಿಸುತ್ತಲೇ ಇತ್ತು.

ಮಧುಗಿರಿಯಲ್ಲಿ ಆ ಆಸ್ಪತ್ರೆ ಕಟ್ಟಿಸಿದವರು ಕಡಲೆಕಾಯಿ ಮಂಡಿಯ ವೃಷಭೇಂದ್ರಪ್ಪನವರು. ತೀರಿಕೊಂಡ ತಾಯಿಯ ಹೆಸರನ್ನು ಬಾಗಿಲ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಸಿದ್ದರು. ಸುತ್ತಲ ಊರುಗಳಲ್ಲಿ ಆಸ್ಪತ್ರೆಗೆ ಒಳ್ಳೆಯ ಹೆಸರು. ಅದಕ್ಕೇ ಫಕ್ರುನ್ನೀಸಾಳ ಗಂಡ ಮುಕ್ತಾರ್ ತಾಯಿಯನ್ನು ಸಿರಾದಿಂದ ತಂದು ಸೇರಿಸಿ, ಹೆಂಡತಿಯನ್ನು ಜೊತೆಗೆ ಬಿಟ್ಟು, ಕಲಾಯಿ ಅಂಗಡಿ ನೋಡಿಕೊಳ್ಳಲು ವಾಪಸು ಹೋಗಿದ್ದ.

ಬಂದ ಮಾರನೆಯ ದಿನಕ್ಕೇ ಫಕ್ರುನ್ನೀಸಾಗೆ ಅಲ್ಲಿನ ಕಾನೂನು ತಿಳಿದುಹೋಯಿತು. ಪಕ್ಕದಲ್ಲಿ ಕೂರುವವರಿದ್ದರೆ ಮಂಚ, ಇಲ್ಲದಿದ್ದರೆ ಹಿಂದಿನ ಜಗಲಿಯ ನೆಲ. ವಯಸ್ಸಾದವರು, ಎದ್ದು ಓಡಾಡಲಾಗದವರು, ಕೇಳುವವರಿಲ್ಲದವರು ಒಬ್ಬೊಬ್ಬರಾಗಿ ಜಗಲಿಗೆ ಜಾರುತ್ತಿದ್ದರು. ಬೆಳಿಗ್ಗೆ ರೌಂಡಿಗೆ ಬಂದ ಡಾಕ್ಟರು ಕೊನೆಯ ಮಂಚದವರೆಗೆ ನಡೆದು, ಅಲ್ಲಿಂದಲೇ ಜಗಲಿಯ ಕಡೆ ಕತ್ತು ಚಾಚಿ, "ಎಲ್ಲ ಸರಿಯಾ?" ಎನ್ನುತ್ತಿದ್ದರು. ನರ್ಸ್ ಸರಸಮ್ಮ "ಸರಿ ಸಾರ್" ಎನ್ನುತ್ತಿದ್ದಳು. ಅಲ್ಲಿಗೆ ಜಗಲಿಯವರ ಚಿಕಿತ್ಸೆ ಮುಗಿಯಿತು. ಕೊನೆಯ ಮಂಚ ರಹಮತ್ ಬಿಯದೇ ಆದ್ದರಿಂದ ಈ ನಾಟಕವನ್ನು ಫಕ್ರುನ್ನೀಸಾ ದಿನವೂ ನೋಡಬೇಕಾಗಿತ್ತು. ಅವಳಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಬಾಯಿ ಬಿಟ್ಟರೆ ಎಲ್ಲಿ ಅತ್ತೆಯ ಮೇಲೆ ಸೇಡು ತೀರಿಸಿಕೊಳ್ಳುತ್ತಾರೋ ಎಂದು ಹಲ್ಲು ಕಚ್ಚಿಕೊಂಡಿದ್ದಳು.

ಜ್ವರ ಹಿಡಿದ ಮುದುಕಿ ನರಸಿಂಹಮ್ಮನನ್ನು ಅವಳ ಮಗ ತಿಪ್ಪಯ್ಯ ಪಾವಗಡದ ಆಚೆಯ ರಾಯಚರ್ಲಿನಿಂದ ಕರೆತಂದಿದ್ದ. ಬಸ್ಸಿಳಿದ ಮೇಲೆ ತಾಯಿಯನ್ನು ಬೆನ್ನಿಗೆ ಹಾಕಿಕೊಂಡೇ ನಡೆದು ಬಂದನಂತೆ. ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿಲ್ಲ. ಅವನ ಹೆಂಡತಿ ಹಸಿ ಬಾಣಂತಿ. ಜೊತೆಗೆ ಬಿಡಲು ಬೇರೆ ಯಾರೂ ಇಲ್ಲ.

"ನೋಡ್ಕಳ್ರಮ್ಮ. ನಮ್ಮಮ್ಮಂಗೆ ಕನ್ನಡ ಬರಾಕಿಲ್ಲ, ತೆಲುಗೇ ಮಾತಾಡಾದು," ಎಂದು ಅವನು ಸರಸಮ್ಮನಿಗೆ ಕೈಮುಗಿದ.

"ಜ್ವರಕ್ಕೆ ಯಾವ ಭಾಷೆಯಪ್ಪ? ನಾವೆಲ್ಲ ಇಲ್ವಾ? ನೀನು ಹೋಗಿ ಬಾ," ಎಂದಿದ್ದಳು ಮೈಸೂರಿನ ಸರಸಮ್ಮ.

ಮೊದಲ ರಾತ್ರಿ ಮುದುಕಿ ಮಂಚದ ಮೇಲೇ ಇದ್ದಳು. ಬೆಳಗಿನ ಜಾವ, "ಮಂಚಿನೀಳ್ಳು... ಮಂಚಿನೀಳ್ಳಮ್ಮಾ..." ಎಂದು ಕೂಗತೊಡಗಿದಳು. ದಾಸಮ್ಮ ಗುಬ್ಬಿ ಕಡೆಯವಳು, ತೆಲುಗಿನ ಗಂಧಗಾಳಿಯಿಲ್ಲ. ಬಂದು ಹಾಸಿಗೆ ಮುಟ್ಟಿ ನೋಡಿದರೆ ಒದ್ದೆ. ಅವಳಿಗೆ ಎಲ್ಲ ಅರ್ಥವಾಗಿಹೋಯಿತು.

"ಮಂಚ ನೀರಾಯ್ತು ಅಂತಾವ್ಳೆ ಕಣ್ ಬೀಬಮ್ಮ," ಎಂದು ಫಕ್ರುನ್ನೀಸಾಳ ಕಡೆ ತಿರುಗಿ ನಕ್ಕಳು. "ಮುದುಕಿ ಒಳ್ಳೇವ್ಳೇ. ಮಾಡ್ಕಂಡಿದ್ದನ್ನ ಮುಚ್ಚಿಡಾಕಿಲ್ಲ, ಬಾಯ್ಬುಟ್ಟು ಹೇಳ್ತಾಳೆ."

ಫಕ್ರುನ್ನೀಸಾಗೂ ಅದು ಸರಿಯೆನ್ನಿಸಿತು. ಅವಳಿಗೆ ಬರುತ್ತಿದ್ದುದು ಮನೆಯ ಉರ್ದು, ಬೀದಿಯ ಕನ್ನಡ, ಅಷ್ಟೆ.

ಅವತ್ತೇ ಮುದುಕಿಯ ಹಾಸಿಗೆ ಹೋಯಿತು, ಮಂಚವೂ ಹೋಯಿತು. ಜಗಲಿಯಲ್ಲಿ ಗೋಣಿತಾಟಿನ ಮೇಲೆ ಮಲಗಿಸಿದರು. ಅಲ್ಲಿಯೂ ಅದೇ ಕೂಗು. ಕೂಗಿದಾಗಲೆಲ್ಲ ದಾಸಮ್ಮ ಬಂದು, "ಮತ್ತೆ ಮಾಡ್ಕಂಡ್ಯಾ?" ಎಂದು ಸೀರೆ ಮುಟ್ಟಿ ನೋಡಿ ಗೊಣಗುತ್ತ ಹೋಗುವಳು. ನೀರು ಕುಡಿಸಿದರೆ ತಾನೆ ಈ ಪಜೀತಿ? ತುಂಬಿದ ಲೋಟ ಅರ್ಧ ಲೋಟವಾಯಿತು, ಅರ್ಧ ಲೋಟ ಗುಟುಕಾಯಿತು. ಆಮೇಲೆ ಮಾತ್ರೆ ಗಂಟಲಿಳಿಯುವಷ್ಟಕ್ಕೆ ನಿಂತುಹೋಯಿತು. ಮುದುಕಿ ಕೇಳಿದಷ್ಟೂ ನೀರು ಕಡಿಮೆಯಾಗುತ್ತ ಬಂತು.

ಒಂದು ಮಧ್ಯಾಹ್ನ ನರಸಿಂಹಮ್ಮ ಬಾಗಿಲಾಚೆಯಿಂದ ಫಕ್ರುನ್ನೀಸಾಳ ಮಣ್ಣಿನ ಹೂಜಿಯ ಕಡೆ ಕೈ ಎತ್ತಿದಳು. ಫಕ್ರುನ್ನೀಸಾ ಹೂಜಿಯನ್ನು ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು. ನಮ್ಮ ನೀರು ಅವರು ಕುಡಿಯುವುದುಂಟೆ? ಕುಡಿಸಿದ ಮೇಲೆ ಮಗ ಬಂದು, ತುರುಕರು ನಮ್ಮ ತಾಯಿಯ ಜಾತಿ ಕೆಡಿಸಿದರು ಎಂದು ಗಲಾಟೆ ಮಾಡಿದರೆ? ದಾಸಮ್ಮನನ್ನು ಕರೆದು ಹೇಳಿದಳು. "ಕೊಟ್ಟಾಗೈತೆ ಕಣ್ ಬೀಬಮ್ಮ. ಅವ್ಳಿಗೆ ಎಷ್ಟು ಕೊಟ್ರೂ ಅಷ್ಟೆ," ಎಂದಳು ದಾಸಮ್ಮ. ಹೇಳಿಯಾಯಿತಲ್ಲ ಎಂದು ಫಕ್ರುನ್ನೀಸಾ ಸುಮ್ಮನಾದಳು. ಅತ್ತೆಯ ಉಸಿರು ಏರುತ್ತಿದ್ದ ದಿನಗಳವು, ಅವಳಿಗೆ ಬೇರೆ ಕಡೆ ನೋಡಲೂ ಪುರಸೊತ್ತಿರಲಿಲ್ಲ.

ನಡುವೆ ವೃಷಭೇಂದ್ರಪ್ಪನವರ ತಾಯಿಯ ಪುಣ್ಯತಿಥಿ ಬಂತು. ಅವರು ಜರಿ ಪಂಚೆ ಉಟ್ಟು, ಫೋಟೋ ತೆಗೆಯುವವನನ್ನು ಹಿಂದಿಟ್ಟುಕೊಂಡು, ಮಂಚ ಮಂಚಕ್ಕೂ ಕಿತ್ತಳೆಹಣ್ಣು ಹಂಚಿದರು. ಜಗಲಿಯಲ್ಲಿ ಬೆಳಕು ಸಾಲದೆಂದು ಫೋಟೋದವನು ಹೇಳಿದನಂತೆ. ಅಲ್ಲಿಯವರ ಪಾಲಿನ ಹಣ್ಣನ್ನು ದಾಸಮ್ಮನೇ ಒಬ್ಬೊಬ್ಬರ ತಲೆದೆಸೆಯಲ್ಲಿಟ್ಟು ಬಂದಳು.

ಮಾರನೆಯ ದಿನ ಮಧ್ಯಾಹ್ನ ರಹಮತ್ ಬಿಯ ಮೈ ಬೆವೆತು ಜ್ವರ ಇಳಿಯಿತು. ಕಣ್ಣು ಬಿಟ್ಟ ಅತ್ತೆಯ ಹಣೆ ಮುಟ್ಟಿ ಫಕ್ರುನ್ನೀಸಾ ಅಲ್ಲಾನನ್ನು ನೆನೆದಳು. ಆಗ ಜಗಲಿಯಿಂದ ಆ ದನಿ ಬಂತು. ಕೂಗಿ ಕೂಗಿ ಸವೆದುಹೋಗಿದ್ದ ದನಿ.

ರಹಮತ್ ಬಿ ಕತ್ತು ಹೊರಳಿಸಿದಳು. "ಪಾನಿ ಮಾಂಗ್‌ರೀ ಉನೆ," ಎಂದಳು. "ಯಾರೂ ಕೊಡ್ತಿಲ್ವಾ?"

"ನೀರಲ್ಲಮ್ಮಾ. ಮಂಚ ಒದ್ದೆಯಾಯಿತು ಅಂತಿದ್ದಾಳೆ."

"ಯಾರು ಹೇಳಿದರು ನಿನಗೆ?" ರಹಮತ್ ಬಿಗೆ ಆ ಸ್ಥಿತಿಯಲ್ಲೂ ರೇಗಿತು. ಗಂಡ ಇದ್ದಾಗ ಅವನ ಜೊತೆ ಕಲಾಯಿ ತಿದಿ ಹೊತ್ತುಕೊಂಡು ಪಾವಗಡದ ಹಳ್ಳಿ ಹಳ್ಳಿ ತಿರುಗಿದವಳು ಅವಳು. "ಮಂಚಿನೀಳ್ಳು ಅಂದರೆ ಕುಡಿಯೋ ನೀರು, ಬೇಟಿ! ಅವಳು ಕುಡಿಯೋದಕ್ಕೆ ನೀರು ಕೇಳ್ತಿದ್ದಾಳೆ!"

ಎಷ್ಟು ದಿನದಿಂದ ಕೇಳುತ್ತಿದ್ದಾಳೆ ಈ ಮುದುಕಿ! ಫಕ್ರುನ್ನೀಸಾ ಹೂಜಿ ಎತ್ತಿಕೊಂಡು ಜಗಲಿಗೆ ಓಡಿದಳು. ನರಸಿಂಹಮ್ಮನ ತುಟಿ ಸೀಳಿತ್ತು, ನಾಲಿಗೆ ಒಣಗಿದ ತೊಗಲಿನಂತಾಗಿತ್ತು. ಕಿತ್ತಳೆಹಣ್ಣು ಇನ್ನೂ ಅವಳ ಮುಷ್ಟಿಯಲ್ಲಿತ್ತು. ಸುಲಿಯಲು ಬೆರಳಲ್ಲಿ ಶಕ್ತಿಯಿಲ್ಲದೆ ಸಿಪ್ಪೆಯನ್ನೇ ಕಚ್ಚಲು ನೋಡಿದ್ದಳು. ಉಳಿದಿದ್ದ ಒಂದೆರಡು ಹಲ್ಲಿನ ಗುರುತು ಅದರ ಮೇಲಿತ್ತು. ಅದನ್ನು ಕಂಡು ಫಕ್ರುನ್ನೀಸಾಳ ನೆತ್ತಿಗೇರಿದ ಸಿಟ್ಟು ಮೊದಲು ತನ್ನ ಮೇಲೇ ತಿರುಗಿತು.

ಆದರೂ ಕೈ ಒಂದು ಗಳಿಗೆ ತಡೆಯಿತು. "ಅಮ್ಮಾ, ಕೇಳಿಬಿಡಿ ಅವಳನ್ನ!" ಎಂದು ಬಾಗಿಲಿನತ್ತ ಕೂಗಿದಳು.

ರಹಮತ್ ಬಿ ಮಂಚದಿಂದಲೇ ಇದ್ದ ಉಸಿರನ್ನೆಲ್ಲ ಸೇರಿಸಿ ಕೇಳಿದಳು: "ಮೇಮು ತುರಕೋಳ್ಳಮಮ್ಮಾ. ಮಾ ನೀಳ್ಳು ತಾಗುತಾವಾ?" ನಾವು ತುರುಕರಮ್ಮಾ, ನಮ್ಮ ನೀರು ಕುಡೀತೀಯಾ?

ತನ್ನ ಮಾತು ಆಡುವವರ ದನಿ ಕೇಳಿ ಮುದುಕಿಯ ಕಣ್ಣು ಅಗಲವಾಯಿತು. "ಪೊಯ್ಯಿ ತಲ್ಲೀ," ಎಂದಳು. ಹುಯ್ಯಿ ತಾಯಿ. ಎಂದವಳೇ ಬಾಯಿ ತೆರೆದಳು.

ಫಕ್ರುನ್ನೀಸಾ ಅವಳ ತಲೆಯನ್ನು ತೊಡೆಯ ಮೇಲೆತ್ತಿಕೊಂಡು ಹನಿಹನಿಯಾಗಿ ಹುಯ್ದಳು. ಮುದುಕಿ ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡು ಕುಡಿದಳು.

"ಯಾರು ನೀರು ಕೊಟ್ಟೋರು?" ದಾಸಮ್ಮ ಬೇಸಿನ್ ಹಿಡಿದು ಬಂದಳು. "ಒದ್ದೆ ಮಾಡ್ಕಂಡ್ರೆ ಒಗೆಯೋರ್ಯಾರು?"

"ಒಗೀ!" ಫಕ್ರುನ್ನೀಸಾ ಕೂತಲ್ಲಿಂದಲೇ ಅಬ್ಬರಿಸಿದಳು. "ಅವ್ಳು ಬಾಯಾರಿ ನೀರು ಕೇಳಿದ್ರೆ ನೀನು ಸೀರೆ ಮುಟ್ಟಿ ನೋಡ್ತಿದ್ದೆ! ಮಂಚಿನೀಳ್ಳು ಅಂದ್ರೆ ಕುಡಿಯೋ ನೀರು ಕಣೇ! ಮಗ ಅವತ್ತೇ ಹೇಳಿ ಹೋದ, ನಮ್ಮಮ್ಮಂಗೆ ಕನ್ನಡ ಬರಲ್ಲ ಅಂತ. ಊರೆಲ್ಲಾ ತೆಲುಗಿನೋರವ್ರೆ, ಒಬ್ಬರನ್ನ ಕೇಳೋಕಾಗ್ಲಿಲ್ವಾ?"

ದಾಸಮ್ಮನ ಮುಖ ಬಿಳುಚಿತು. ಆದರೂ ಬಾಯಿ ಸೋಲಲಿಲ್ಲ. "ನಂಗೇನು ಗೊತ್ತು? ವಾರ್ಡಿಗೆಲ್ಲಾ ಇರೋಳು ನಾನೊಬ್ಳೇ. ಬಾವೀಲಿ ಸೇದಬೇಕು, ಹೇಲು ಉಚ್ಚೆ ಬಳೀಬೇಕು, ಕೈ ನೋಡಿಲ್ಲಿ, ಸೋಡಾದಲ್ಲಿ ಬೆಂದೋಗೈತೆ. ವಾಸ್ನೆ ಬಂದ್ರೆ ಬೈಸ್ಕಳೋಳೂ ನಾನೇ. ಇನ್ನು ಅವ್ಳ ಮಾತಿಗೆ ಅರ್ಥ ಹುಡುಕ್ಕಂಡು ಎಲ್ಲೋಗ್ಲಿ?"

ಗದ್ದಲಕ್ಕೆ ಸರಸಮ್ಮ ಬಂದಳು. "ಇದು ಆಸ್ಪತ್ರೆ, ಸಂತೆಯಲ್ಲ. ನೀವು ನಿಮ್ಮ ರೋಗಿನ ನೋಡ್ಕೊಳ್ಳಿ."

"ನನ್ನ ರೋಗಿಗೆ ನಾನಿದ್ದೀನಿ. ಇವಳಿಗೆ ಯಾರಿದ್ದಾರೆ?"

"ವಯಸ್ಸಾಗಿದೆ ಕಣ್ರೀ ಆಕೆಗೆ. ಡಾಕ್ಟ್ರು ತಾನೇ ಏನ್ಮಾಡ್ತಾರೆ? ಇವತ್ತಲ್ಲ ನಾಳೆ..."

"ನಾಳೆ ಸಾಯೋಳಿಗೆ ಇವತ್ತು ಬಾಯಾರಲ್ವಾ ನರ್ಸಮ್ಮಾ?"

ಸರಸಮ್ಮ ಒಳಗೆ ಹೋದಳು. ಫಕ್ರುನ್ನೀಸಾ ಸಂಜೆಯವರೆಗೂ ನೀರು ಕುಡಿಸುತ್ತಲೇ ಇದ್ದಳು. ಬೆಳಿಗ್ಗೆ ಡಾಕ್ಟರು ಕೊನೆಯ ಮಂಚದ ಬಳಿ ನಿಂತು ಕತ್ತು ಚಾಚಿದಾಗ ಅವಳು ಸೆರಗು ಬಿಗಿದು ಅಡ್ಡ ನಿಂತಳು.

"ಇಲ್ಲಿಂದ ಕಾಣಲ್ಲ ಡಾಕ್ಟ್ರೇ. ಹತ್ರ ಬನ್ನಿ."

ಡಾಕ್ಟರಿಗೆ ಸಿಟ್ಟು ಬಂತು. ಆದರೆ ವಾರ್ಡಿನ ಹೆಂಗಸರೆಲ್ಲ ಎದ್ದು ಕೂತು ನೋಡುತ್ತಿದ್ದರು. ಅವರು ಜಗಲಿಗೆ ಬಂದರು, ಬಗ್ಗಿದರು, ಮುದುಕಿಯ ತೋಳಿನ ಚರ್ಮವನ್ನು ಚಿವುಟಿ ಬಿಟ್ಟರು. ಅದು ಎತ್ತಿದ ಹಾಗೆಯೇ ನಿಂತಿತು. "ಇವರಿಗೆ ನೀರು ಕೊಡೋದು ಬಿಟ್ಟು ಎಷ್ಟು ದಿನ ಆಯ್ತು?" ಎಂದು ಕೇಳಿದರು. ದಾಸಮ್ಮ ನೆಲ ನೋಡಿದಳು. ಸರಸಮ್ಮ ಡಾಕ್ಟರನ್ನೇ ನೋಡಿದಳು. ದಿನವೂ "ಎಲ್ಲ ಸರಿಯಾ?" ಎಂದು ಕೇಳಿದವರು ತಾವೇ ಎಂಬುದು ಅವರಿಗೂ ನೆನಪಾಗಿರಬೇಕು, ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ನರಸಿಂಹಮ್ಮನಿಗೆ ಮಂಚ ಸಿಕ್ಕಿತು, ಹಾಸಿಗೆ ಸಿಕ್ಕಿತು, ರಕ್ತನಾಳಕ್ಕೆ ಗ್ಲೂಕೋಸ್ ಹತ್ತಿತು. ದಾಸಮ್ಮ ಲೋಟ ಹಿಡಿದು ಮಂಚದ ಕಾಲಿನ ಹತ್ತಿರವೇ ಕೂತಳು, ಯಾರು ಕೂಗಿದರೂ ಏಳಲಿಲ್ಲ. ಆದರೆ ಮುದುಕಿ ಈಗ ಏನೂ ಕೇಳುತ್ತಿರಲಿಲ್ಲ. ಚಮಚದಲ್ಲಿ ಬಿಟ್ಟ ನೀರು ಕಟವಾಯಿಯಿಂದ ಹರಿದುಹೋಗುತ್ತಿತ್ತು. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಅವಳ ಉಸಿರು ನಿಂತಿತು.

ಸುದ್ದಿ ತಲುಪಿ ತಿಪ್ಪಯ್ಯ ಬಂದ. ತಾಯಿಯ ಕಾಲು ಹಿಡಿದು ಅತ್ತ. ಅಳು ಮುಗಿದ ಮೇಲೆ ಟವಲಿನಿಂದ ಮುಖ ಒರೆಸಿಕೊಂಡು, ಎದುರು ನಿಂತಿದ್ದವರನ್ನೆಲ್ಲ ನೋಡಿ ಕೇಳಿದ: "ನಮ್ಮಮ್ಮ ಏನಾರ ಕೇಳಿದ್ಲಾ?"

ಫಕ್ರುನ್ನೀಸಾ ಬಾಗಿಲ ಹತ್ತಿರವೇ ಇದ್ದಳು. ಹೇಳಬೇಕೆಂದು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು. ಹೂಜಿ ಎತ್ತಿ ಮತ್ತೆ ಕೆಳಗಿಟ್ಟವಳು ತಾನೇ ಎಂಬುದನ್ನೂ ಹೇಳಬೇಕಲ್ಲ.

"ಇಲ್ಲಪ್ಪ," ಎಂದಳು ಸರಸಮ್ಮ ಮೆಲ್ಲಗೆ. "ಏನೂ ಕೇಳಲಿಲ್ಲ. ನೆಮ್ಮದಿಯಾಗಿ ಹೋದರು."

ತಿಪ್ಪಯ್ಯ ಸಮಾಧಾನದಿಂದ ತಲೆಯಾಡಿಸಿದ. ಅವನು ನಂಬಿಬಿಟ್ಟನಲ್ಲ, ಅದನ್ನು ಫಕ್ರುನ್ನೀಸಾ ಸಹಿಸಲಾರದೆ ಹೋದಳು. ಈ ಕಟ್ಟಡವನ್ನೇ ಕಿತ್ತು ಬಿಸಾಡಬೇಕು ಎನ್ನಿಸಿತು. ಅಷ್ಟರಲ್ಲಿ ದಾಸಮ್ಮ ಮುಂದೆ ಬಂದಳು.

"ಕೇಳಿದ್ಳು ಕಣಪ್ಪ," ಎಂದಳು. "ದಿನಾ ಕೇಳಿದ್ಳು. ನೀರು ಕೇಳಿದ್ಳು. ನಂಗೆ ಗೊತ್ತಾಗ್ನಿಲ್ಲ. ಉಚ್ಚೆ ಮಾಡ್ತಾಳೆ ಅಂತ ಇದ್ದ ನೀರ್ನೂ ನಿಲ್ಲಿಸ್ಬುಟ್ಟೆ. ಹೊಡಿಯಂಗಿದ್ರೆ ನನ್ನ ಹೊಡಿ."

ತಿಪ್ಪಯ್ಯ ಹೊಡೆಯಲಿಲ್ಲ. ಅವಳು ಹೇಳಿದ್ದು ಅರ್ಥವಾಗಲಿಲ್ಲವೇನೋ ಎಂಬಂತೆ ಒಬ್ಬೊಬ್ಬರ ಮುಖವನ್ನೂ ನೋಡಿದ. "ನೀಳ್ಳಾ?" ಎಂದ. "ನೀಳ್ಳೇನಾ?" ಅವನು ತಾಯಿಯ ಪಕ್ಕ ಕುಸಿದು ಕೂತು, ಸೀಳಿದ ಆ ತುಟಿಯನ್ನು ಹೆಬ್ಬೆರಳಿಂದ ಸವರತೊಡಗಿದ.

ಸರಸಮ್ಮ ದಾಸಮ್ಮನ ರಟ್ಟೆ ಹಿಡಿದು ಪಕ್ಕಕ್ಕೆಳೆದಳು. "ಯಾಕೆ ಹೇಳಿದೆ? ವೃಷಭೇಂದ್ರಪ್ಪನವರ ಕಿವಿಗೆ ಬಿದ್ದರೆ ಕೆಲಸ ಉಳಿಯುತ್ತಾ ನಿನಗೆ?"

"ತಾಯಿ ಕೇಳ್ದಾಗ ಕೊಡ್ನಿಲ್ಲ ಸಿಸ್ಟರ್ರೇ," ಎಂದಳು ದಾಸಮ್ಮ. "ಮಗ ಕೇಳ್ದಾಗ್ಲಾದ್ರೂ ಕೊಡ್ಬ್ಯಾಡ್ವಾ?"

ಸರಸಮ್ಮನ ಕೈ ಸಡಿಲವಾಯಿತು. ಜಗಲಿಯಲ್ಲಿ ಉಳಿದಿದ್ದ ಇನ್ನೊಬ್ಬ ಮುದುಕಿ ಏನೋ ಗೊಣಗಿದಳು. ಅದೇನೆಂದು ಕೇಳಲು ಈ ಸಲ ಸರಸಮ್ಮನೇ ಹೋದಳು.