ಒಳಗೂ ಹಿಡಿಕೆ ಇರುವ ಬಾಗಿಲು

ನಮ್ಮ ಬಡಗಿ ಉಳಿ ಎತ್ತಿದರೆ ಏಳು ಕಾಡಿನ ಮರಗಳು ತಾವಾಗಿಯೇ ಅಡ್ಡ ಬೀಳುತ್ತಿದ್ದವು. ಅಂಥವನ ಎದೆಯನ್ನೂ ನಡುಗಿಸಿದ್ದು ಒಂದು ಹಳೇ ಬಾಗಿಲು.

ತಪ್ಪು ಮಾಡಿದ ಮಕ್ಕಳನ್ನು ತಿದ್ದಿ ಕೆಲಸ ಕಲಿಸುವ ಮನೆಯನ್ನು ಊರಿನಲ್ಲಿ ಹೊಸದಾಗಿ ಕಟ್ಟುತ್ತಿದ್ದರು. ಮೊದಲಿದ್ದ ಅಂಥದೇ ಹಳೇ ಮನೆಯ ಬಾಗಿಲೊಂದನ್ನು ಅಳತೆಗೆಂದು ತಂದು ಬಡಗಿಯ ಅಂಗಡಿಯ ಗೋಡೆಗೆ ಒರಗಿಸಿದ್ದರು. ಅದರ ಒಳಮೈಗೆ ಹಿಡಿಕೆಯೇ ಇಲ್ಲ. ಅದಿರಬೇಕಾದಲ್ಲಿ ಮರ ಸವೆದು ಅಂಗೈಯಗಲ ಗುಳಿ ಬಿದ್ದಿತ್ತು.

ಪಕ್ಕದ ಮನೆಯ ಅಕ್ಕ ಆ ಮಕ್ಕಳ ಆಪ್ತ ಸಲಹೆಗಾರ್ತಿ. “ಬಡಗಿಯಣ್ಣಾ, ಹೊಸ ಬಾಗಿಲಿಗೆ ಒಳಗೂ ಹಿಡಿಕೆ ಇಡಿ” ಎಂದಳು.

“ಕದ್ದು ಬಂದೋರಿಗೆ ಹಿಡಿಕೆ ಬೇರೆ ಕೇಡು! ಲಾಲಿನೂ ಹಾಡ್ಬೇಕೇನಮ್ಮಾ?”

“ಮಕ್ಕಳ ಅಜ್ಜಿಯರು ಹಾಡ್ಲಿ ಬಿಡಿ. ಹಳೇದ್ರಲ್ಲಿ ಮಕ್ಕಳು ತಮ್ಮ ಮನೆಮಾತಲ್ಲಿ ಮಾತಾಡಿದ್ರೆ ಊಟ ಇರ್ತಿರ್ಲಿಲ್ಲ. ಹೊಸದ್ರಲ್ಲಿ ಅಜ್ಜಿಯರು ಬಂದು ಕೂರೋಕೆ ಜಗಲಿ ಇರತ್ತೆ. ಕಾವಲು ಹೊರಗೋಡೆಗೆ. ಕೋಣೆ ಮಾತ್ರ ಮಕ್ಕಳದ್ದು.”

“ಮರದ ವಿಷಯ ನನಗೆ ಬಿಡು ತಾಯಿ!”

ಅಷ್ಟರಲ್ಲಿ ಉರಿಬಿಸಿಲಲ್ಲೂ ಅಂಗಡಿ ತಣ್ಣಗಾಯಿತು. ಮರದ ಹೊಟ್ಟು ಕೂಡ ಉಸಿರು ಬಿಗಿಹಿಡಿಯಿತು ಅಂದರೆ ನಂಬಿ. ಬಡಗಿಯ ತಂಗಿಯ ಮಗಳು ಬುತ್ತಿ ತಂದಿದ್ದಳು. ಹಳೇ ಮನೆಯಿಂದ ಬಿಡುಗಡೆಯಾಗಿ ಬಂದ ಮೇಲೆ ಅವಳ ದನಿ ಪಿಸುಮಾತಿಗಿಂತ ಮೇಲೇಳುತ್ತಿರಲಿಲ್ಲ.

ಬಾಗಿಲು ಕಂಡದ್ದೇ ಹುಡುಗಿ ಬುತ್ತಿ ಕೆಳಗಿಟ್ಟು ನಡೆದಳು. ಗುಳಿಯೊಳಗೆ ಅಂಗೈ ಇಟ್ಟಳು. ಅಳತೆ ತೆಗೆದು ಮಾಡಿದಂತೆ ಕೂತಿತು. ಹಾಗೇ ನಿಂತುಬಿಟ್ಟಳು.

“ಮಗೂ, ಅದರ ಹಿಂದೆ ಗೋಡೆ ಕಣೇ!”

“ಶ್... ನಮ್ಮ ಮನೆಮಾತು ಜೋರಾಗಿ ಆಡ್ಬೇಡಿ ಮಾವಾ. ಕಾವಲಿನೋರು ಬಂದು ಬಾಗಿಲು ತೆಗೀತಾರೆ.”

ಯಾರೂ ಬರಲಿಲ್ಲ. ಅವಳು ಕಾಯುತ್ತಲೇ ಇದ್ದಳು. ಬಡಗಿಯ ಮೈಕೂದಲು ನೆಟ್ಟಗಾಯಿತು. ಮನೆಯಲ್ಲೂ ಅವಳು ಬಚ್ಚಲ ಬಾಗಿಲ ಹಿಂದೆ ಹೀಗೇ ನಿಲ್ಲುತ್ತಿದ್ದಳು. ‘ಸೋಮಾರಿ’ ಎಂದು ಬೈದಿದ್ದವನು ಅವನೇ.

ಬಡಗಿ ಒಂದು ಹಿಡಿಕೆ ತಂದು ಗುಳಿಯ ಪಕ್ಕದಲ್ಲೇ ಬಿಗಿದ. ಹುಟ್ಟಿದಾರಭ್ಯ ಮೊದಲ ಸಲ ಅವನ ಸ್ಕ್ರೂ ಸೊಟ್ಟಗಾಯಿತು. ಬಾಗಿಲ ಮೇಲ್ತುದಿ ಹಿಡಿದುಕೊಂಡು, “ಎಳಿ, ಕಂದಾ” ಎಂದ.

ಎಳೆದಳು. ಬಾಗಿಲು ಗೋಡೆ ಬಿಟ್ಟು ಬಂತು. ಹುಡುಗಿ ಹಿಂದೆ ಇಣುಕಿದಳು.

“ಬರೀ ಗೋಡೆ, ಮಾವಾ!” ಬೀದಿಗೆಲ್ಲ ಕೇಳುವ ದನಿ!

ಬಡಗಿ ಅಕ್ಕನ ಕಡೆ ತಿರುಗಿದ. “ಎಲ್ಲಾ ಬಾಗಿಲಿಗೂ ಹಿಡಿಕೆ ಹಾಕ್ತೀನಿ. ಆ ಮಕ್ಕಳಿಗೆ ಮರಗೆಲಸಾನೂ ನಾನೇ ಕಲಿಸ್ತೀನಿ.”

ನಿಮ್ಮೂರಲ್ಲಿ ಇಂಥ ಮನೆ ಕಟ್ಟುವಾಗ ಸಭೆಗೆ ತಪ್ಪದೆ ಹೋಗಿ. ಮಕ್ಕಳ ಮನೆಮಾತಿಗೆ, ಹಿರಿಯರು ಬಂದು ಕೂರುವುದಕ್ಕೆ ಜಾಗವಿದೆಯೇ ಎಂದು ಕೇಳಿ. ಹಳೇ ಮನೆಯಿದ್ದರೆ ಬಾಗಿಲ ಒಳಮೈಯನ್ನು ಒಮ್ಮೆ ಸವರಿ ನೋಡಿ. ಕೈಗೆ ಗುಳಿ ಸಿಕ್ಕಿತೋ, ಅದರ ಮುಂದೆ ಯಾರೋ ಇನ್ನೂ ಕಾಯುತ್ತ ನಿಂತಿದ್ದಾರೆ.