ಉಸ್ತಾದರಿಗೆ ಮೊದಲ ಲೋಟ

ನಾನು ಒಂದು ಪ್ರೋಟೀನ್ ಪುಡಿಯ ಡಬ್ಬ. ಈಗ ನನ್ನ ಹೊಟ್ಟೆಯಲ್ಲಿರುವುದು ಅರಿಶಿನ. ಹಾಗೆಂದು ನನ್ನನ್ನು ಹುಟ್ಟಾ ಅರಿಶಿನದ ಡಬ್ಬ ಎಂದುಕೊಳ್ಳಬೇಡಿ. ಒಂದು ಕಾಲದಲ್ಲಿ ನಾನೂ ಗಾಜಿನ ಕಪಾಟಿನಲ್ಲಿ, ದೀಪದ ಕೆಳಗೆ ಮೆರೆದದ್ದುಂಟು.

ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಕರಗಿಸಿ, ಅಚ್ಚಿನೊಳಗೆ ಊದಿ ನನ್ನನ್ನು ಮಾಡಿದರು. ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದ ಪುಡಿಯನ್ನು ತುಂಬಿ, ಅಳೆಯಲೆಂದು ಪುಟ್ಟದೊಂದು ಸೌಟನ್ನೂ ಒಳಗಿಟ್ಟರು. ಆಮೇಲೆ ಚೀಟಿ ಅಂಟಿಸಿದರು. ನನ್ನ ಸಿಟ್ಟು ಶುರುವಾದದ್ದೇ ಅಲ್ಲಿಂದ. ಎದೆಯ ಮೇಲೆ ನರ ಉಬ್ಬಿದ ತೋಳಿನ ಚಿತ್ರ, ಗೇಣುದ್ದದ ಅಕ್ಷರ. ಬೆನ್ನ ಮೇಲೆ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ, ದಿನಕ್ಕೆ ಒಂದು ಸೌಟು ಸಾಕು, ಕಿಡ್ನಿಯ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು ಎಂದು. ಮಾರುವ ಮಾತಿಗೆ ಎದೆ, ಕಾಯುವ ಮಾತಿಗೆ ಬೆನ್ನು! ಇದು ಯಾವ ಊರಿನ ನ್ಯಾಯ?

ಮೈಸೂರಿನ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವನು ಸಿದ್ದರಾಜು. ಬೆಳಿಗ್ಗೆ ಗರಡಿಯಲ್ಲಿ ಕುಸ್ತಿ, ಆಮೇಲೆ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಕೆಲಸ. ಹೊತ್ತಿಗೆ ಸರಿಯಾಗಿ ಊಟ ಮಾಡಲು ಅವನಿಗೆ ಪುರುಸೊತ್ತಿರಲಿಲ್ಲ. ಆದರೂ ಹುಡುಗ ಹುಷಾರಿನವನು, ಒಂದು ಮಾತು ಕೇಳಿಯೇ ಕೇಳಿದ.

"ಅಣ್ಣ, ವಯಸ್ಸಾದೋರು ಕುಡೀಬೌದಾ ಇದ?"

"ಹಾಲಿನ ಪುಡಿ ಕಣಪ್ಪ. ಕೂಸಿಂದ ಹಿಡ್ದು ಮುದುಕ್ರ ತನಕ ಯಾರ್ ಬೇಕಾದ್ರೂ ಕುಡೀಲಿ," ಎಂದ ಅಂಗಡಿಯವನು. ನನ್ನನ್ನು ತಿರುಗಿಸಿಯೂ ನೋಡಲಿಲ್ಲ, ಪುಣ್ಯಾತ್ಮ.

ಸಿದ್ದರಾಜು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಆ ಗರಡಿಯಲ್ಲಿ ಯಾರು ಏನೇ ತರಲಿ, ಬಾದಾಮಿ ಹಾಲೋ ಬಾಳೆಹಣ್ಣೋ, ಮೊದಲ ಪಾಲು ಉಸ್ತಾದ್ ಜವರಪ್ಪನವರಿಗೆ. ಅವರು ಬಾಯಿಗಿಟ್ಟ ಮೇಲೆಯೇ ಉಳಿದವರು. ಶಿಷ್ಯ ಕೊಟ್ಟದ್ದನ್ನು ಉಸ್ತಾದರು ಬೇಡ ಅನ್ನುವಂತಿಲ್ಲ. ಅಂದರೆ ಶಿಷ್ಯನನ್ನೇ ಬೇಡ ಅಂದಂತೆ.

ಸುಳ್ಳು ಹೇಳಲಾರೆ, ಸಿದ್ದರಾಜುವಿಗೆ ನನ್ನಿಂದ ಒಳ್ಳೆಯದೇ ಆಯಿತು. ದಿನಕ್ಕೊಂದು ಸೌಟು ಅಳೆದು ಕುಡಿದ, ಜೊತೆಗೆ ಮೈ ಮುರಿದು ಸಾಮು ಮಾಡಿದ. ಸೊರಗಿದ್ದ ತೋಳು ತುಂಬಿಕೊಂಡಿತು. ಅಂಥವನಿಗೆ ನಾನು ಬೇಕಾದವನೇ. ಆದರೆ ಉಸ್ತಾದರ ಲೋಟಕ್ಕೆ ಹಾಕುವಾಗ ಮಾತ್ರ ಅವನು ಸೌಟನ್ನು ಪಕ್ಕಕ್ಕಿಟ್ಟು ಮುಷ್ಟಿ ತುಂಬ ಸುರಿಯುತ್ತಿದ್ದ. ಗುರುವಿಗೆ ಯಾರಾದರೂ ಅಳೆದು ಕೊಡುತ್ತಾರೆಯೇ? ಅಳೆದರೆ ಜಿಪುಣತನ! ಆ ಮುಷ್ಟಿ ಒಳಗೆ ಇಳಿದಾಗಲೆಲ್ಲ ಬೇಡ ಎಂದು ಕೂಗಿಕೊಳ್ಳಬೇಕೆನಿಸುತ್ತಿತ್ತು.

ಏಕೆಂದರೆ ಗರಡಿಯಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ನಾನಿದ್ದದ್ದು ಒಳಗೆ, ಬಾಗಿಲ ಪಕ್ಕದ ಗೂಡಿನಲ್ಲಿ. ಗರಡಿಯೊಳಗೆ ಹೆಂಗಸರು ಬರುವಂತಿಲ್ಲವಾದ್ದರಿಂದ ಉಸ್ತಾದರ ಮಗಳು ರಾಜಮಣಿ ಊಟದ ಕ್ಯಾರಿಯರ್ ಹಿಡಿದು ಹೊಸ್ತಿಲಾಚೆಯೇ ನಿಲ್ಲುತ್ತಿದ್ದಳು. ನಾನು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ.

"ಅಪ್ಪ, ಬೇಳೆ ತಿಳಿ ಮಾತ್ರ ಹಾಕಿವ್ನಿ. ಸಕ್ಕರೆ ಕಾಯ್ಲೆಲಿ ಕಿಡ್ನಿ ಸೋತದೆ, ಬೇಳೆ, ಮಾಂಸ ಎಲ್ಲ ಕಮ್ಮಿ ಮಾಡಿ ಅಂತ ಡಾಕ್ಟ್ರು ಹೇಳಿರೋದು ನೆನಪದೆ ತಾನೆ?"

"ಮೆಲ್ಲಗ್ ಮಾತಾಡವ್ವ. ಹುಡುಗ್ರು ಕೇಳಿಸ್ಕೊಂಡಾರು."

ಮನೆಯಲ್ಲಿ ಮಗಳು ಬೇಳೆಯನ್ನು ಸೋಸಿ ತೆಗೆಯುವುದು, ಗರಡಿಯಲ್ಲಿ ಅಪ್ಪ ಅದರ ಹತ್ತರಷ್ಟನ್ನು ಗಟಗಟ ಕುಡಿದು ಮೀಸೆ ಒರೆಸಿಕೊಳ್ಳುವುದು! ಪೈಲ್ವಾನನಿಗೆ ಕಾಯಿಲೆ ಎಂದರೆ ಮಾನ ಹೋಗುತ್ತದಂತೆ. ಪ್ರಾಣ ಹೋದರೆ ಪರವಾಗಿಲ್ಲವೇನೋ. ಅವರ ಪಾದ ಊದಿಕೊಂಡಿತು. ಮೆಟ್ಟು ಚಿಕ್ಕದಾಯಿತು ಎಂದು ಮಗಳಿಗೆ ಸಬೂಬು ಹೇಳಿದರು.

ಒಂದು ಬೆಳಿಗ್ಗೆ ಪಟ್ಟು ತೋರಿಸಲೆಂದು ಕುಸ್ತಿಯ ಕೆಮ್ಮಣ್ಣಿನ ಮಟ್ಟಿಗೆ ಇಳಿದವರು ಉಸಿರು ಸಿಗದೆ ಅಲ್ಲೇ ಕುಸಿದರು. ಸಿದ್ದರಾಜು ಹೊತ್ತುಕೊಂಡೇ ಆಸ್ಪತ್ರೆಗೆ ಓಡಿದ. ಏನು ತಿಂದಿದ್ದರು ಎಂದು ವೈದ್ಯರು ಕೇಳಿದಾಗ ಯಾರೋ ನನ್ನನ್ನು ತಂದು ಮೇಜಿನ ಮೇಲಿಟ್ಟರು. ಅಷ್ಟು ದಿನಗಳಲ್ಲಿ ನನ್ನನ್ನು ತಿರುಗಿಸಿ ಬೆನ್ನು ಓದಿದ ಮೊದಲ ಮನುಷ್ಯರು ಆ ವೈದ್ಯೆ.

"ಇದು ವಿಷ ಅಲ್ಲಪ್ಪ," ಎಂದರು ಸಿದ್ದರಾಜುವಿಗೆ. "ನಿನ್ನಂಥೋನಿಗೆ ಅಳತೆಲಿ ಕುಡಿದ್ರೆ ಸರಿಹೋಗುತ್ತೆ. ಇವರ ಕಿಡ್ನಿ ಮೊದಲೇ ಸೋತಿತ್ತು, ಅದರ ಮೇಲೆ ದಿನಾ ಈ ಭಾರ ಬಿತ್ತು. ಇನ್ನು ಡಯಾಲಿಸಿಸ್ ಮಾಡಿಸಲೇಬೇಕು."

ಸಿದ್ದರಾಜು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ. ಆಮೇಲೆ ನನ್ನನ್ನು ಕಾಲಿನಿಂದ ಒದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಒದೆಯಬೇಕಾದದ್ದು ನನ್ನನ್ನೇ? ನನ್ನ ಬೆನ್ನ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಯಲಾರದವರನ್ನು, ಓದದೆ ಮಾರಿದವನನ್ನು ಕೇಳುವವರಿಲ್ಲ. ಉರುಳಿಹೋದ ನನ್ನನ್ನು ಎತ್ತಿ ತಂದವಳು ರಾಜಮಣಿ. ಪುಡಿ ಚೆಲ್ಲಿ, ತೊಳೆದು, ಮಟ್ಟಿಯ ಮಣ್ಣಿಗೆ ಬೆರೆಸುವ ಅರಿಶಿನ ತುಂಬಿ ಗರಡಿಗೆ ಕೊಟ್ಟಳು. ಅಂದಿನಿಂದ ಹುಡುಗರು ತೋಳಿನ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿ, ಬೆನ್ನು ಹೊರಗೆ ಕಾಣುವಂತೆ ನನ್ನನ್ನು ಇಡುತ್ತಾರೆ.

ಉಸ್ತಾದರು ಈಗ ಬದುಕಿರುವುದು ಯಂತ್ರದ ದಯೆಯಿಂದ. ನೀರನ್ನೂ ಅಳೆದು ಕುಡಿಯಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಮಗಳ ತೋಳು ಹಿಡಿದು ಗರಡಿಗೆ ಬಂದರು. ಮಗಳು ಎಂದಿನಂತೆ ಹೊಸ್ತಿಲಲ್ಲೇ ನಿಂತಳು. ಹಳೆಯ ರೂಢಿ, ಒಬ್ಬ ಶಿಷ್ಯ ಬಾದಾಮಿ ಹಾಲಿನ ಮೊದಲ ಲೋಟ ತಂದು ಮುಂದೆ ಹಿಡಿದ. ಎಲ್ಲರೂ ಸಾಮು ನಿಲ್ಲಿಸಿ ನೋಡಿದರು. ಜವರಪ್ಪನವರು ಲೋಟವನ್ನು ಮುಟ್ಟಿ, ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಬ್ಯಾಡ ಕಣ್ಲಾ ಮಗ. ನಂಗಾಗಕಿಲ್ಲ. ನೀನ್ ಕುಡಿ."

ಯಾರ ಮಾನವೂ ಹೋಗಲಿಲ್ಲ. ಶಿಷ್ಯ ತಲೆಬಾಗಿ ಲೋಟ ತೆಗೆದುಕೊಂಡ, ಅಷ್ಟೇ.

ಹೊಸ್ತಿಲಾಚೆಯಿಂದ ರಾಜಮಣಿಯ ದನಿ ಕೇಳಿಸಿತು. "ಇಷ್ಟು ಹೇಳಕ್ಕೆ ಕಿಡ್ನಿನೇ ಹೋಗ್ಬೇಕಿತ್ತಾ, ಅಪ್ಪ?"

ಉಸ್ತಾದರು ಊದಿದ ಪಾದವನ್ನು ಹುಡುಗರ ಮುಂದೆಯೇ ಚಾಚಿ ಕೂತರು. ಗೂಡಿನಲ್ಲಿ ನಾನೂ ಬೆನ್ನ ಬರಹ ಎಲ್ಲರಿಗೂ ಕಾಣುವಂತೆ ಕೂತಿದ್ದೆ.