ತಾಯಪ್ಪನ ಗೌಜಲಹಕ್ಕಿ

ಹಕ್ಕಿ ಹಿಡಿಯುವುದರಲ್ಲಿ ತಾಯಪ್ಪನನ್ನು ಮೀರಿಸುವವನು ಹೊಸಪೇಟೆ ಸೀಮೆಯಲ್ಲೇ ಇರಲಿಲ್ಲ. ಅವನ ಬಂಡವಾಳವೆಲ್ಲ ಬಿದಿರಿನ ಪಂಜರದಲ್ಲಿದ್ದ ಒಂದು ಸಾಕಿದ ಗಂಡು ಗೌಜಲಹಕ್ಕಿ. ಬೆಳಕು ಹರಿಯುವಾಗ ಪಂಜರವನ್ನು ಗುಡ್ಡದ ಬುಡದಲ್ಲಿಟ್ಟು, ಸುತ್ತ ಕುದುರೆಗೂದಲಿನ ಉರುಳು ಹಾಸಿ, ಪೊದೆಯ ಹಿಂದೆ ಕೂತರೆ ಮುಗೀತು. ಪಂಜರದ್ದು ಕೂಗುತ್ತಿತ್ತು. ನನ್ನ ಜಾಗಕ್ಕೆ ಯಾವನಲೇ ಬಂದವನು ಅಂತ ಕಾಡಿನ ಗಂಡು ಜಗಳಕ್ಕೆ ಓಡಿಬಂದು ಉರುಳಿಗೆ ಬೀಳುತ್ತಿತ್ತು.

ಆ ಮಾಂಸದ ರುಚಿ ಹತ್ತಿದ ಪೊಲೀಸ್ ಜಮಾದಾರ ಒಮ್ಮೆ ಕೇಳಿದ್ದ: "ಅಲ್ಲೋ, ಒಂದು ಬಿದ್ದದ್ದು ಕಂಡೂ ಇನ್ನೊಂದು ಬರತೈತಲ್ಲ, ಬುದ್ಧಿ ಇಲ್ಲೇನು ಅವಕ್ಕ?"

"ಬುದ್ಧಿ ಐತ್ರಿ ಸಾಹೇಬ್ರ," ಎಂದಿದ್ದ ತಾಯಪ್ಪ, ಎಲೆಯಡಿಕೆ ಮೆಲ್ಲುತ್ತ, ದೊಡ್ಡ ಪಂಡಿತನ ಹಾಗೆ. "ತಲಿ ಬ್ಯಾಡ ಅಂತೈತಿ, ಕಾಲು ಕೇಳಂಗಿಲ್ರಿ. ಮನಷ್ಯಾರು ಹಂಗಲ್ಲ ಬಿಡ್ರಿ."

ಅಯ್ಯೋ, ಅವತ್ತು ಆ ಬಾಯಿಗೊಂದು ಬೀಗ ಬಿದ್ದಿದ್ದರೆ!

ತಾಯಪ್ಪನಿಗೆ ಇದ್ದವನು ಒಬ್ಬನೇ ಮಗ, ಜಂಬಯ್ಯ. ಬಂಗಾರದಂಥ ಹುಡುಗ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ. ಆ ಬೇಸಿಗೆಯಲ್ಲಿ ಸೇಂದಿ ಗುತ್ತಿಗೆದಾರನ ಆಳೊಬ್ಬ ಕುಡಿದು, ಜಂಬಯ್ಯನ ಸತ್ತುಹೋದ ಅವ್ವನ ಹೆಸರೆತ್ತಿ ಹೊಲಸು ಮಾತಾಡಿದ. ಜಂಬಯ್ಯನ ಕೈಯಲ್ಲಿ ಕೊಡಲಿಯ ಮರದ ಕಾವಿತ್ತು. ಒಂದೇ ಏಟಿಗೆ ಬಿದ್ದವನು ಮತ್ತೆ ಏಳಲಿಲ್ಲ.

ಜಂಬಯ್ಯ ಗುಡ್ಡ ಹತ್ತಿ ಸಂಡೂರು ಸಂಸ್ಥಾನದೊಳಗೆ ಹೊಕ್ಕುಬಿಟ್ಟ. ಗಡಿಕಲ್ಲಿನ ಆಚೆ ರಾಜರ ಆಡಳಿತ, ಈಚೆಯ ಬ್ರಿಟಿಷ್ ಪೊಲೀಸರು ಹಂಗೆಲ್ಲ ಕಾಲಿಡುವ ಹಾಗಿರಲಿಲ್ಲ. ಆಚೆಯೇ ಇದ್ದರೆ ಯಾವುದೋ ಗಣಿಯಲ್ಲಿ ಮಣ್ಣು ಹೊತ್ತಾದರೂ ಬದುಕಿಯಾನು, ಈಚೆ ಸಿಕ್ಕರೆ ಗಲ್ಲು. ತಾಯಪ್ಪ ಗಡಿಕಲ್ಲಿನ ಹತ್ತಿರ ರೊಟ್ಟಿಗಂಟು ಇಟ್ಟು ಬರುತ್ತಿದ್ದ. ಅದು ಜಮಾದಾರನ ಕಿವಿಗೂ ಬಿತ್ತು.

ಒಂದು ಬೆಳಿಗ್ಗೆ ತಾಯಪ್ಪನನ್ನು ಎಳೆದೊಯ್ದು, ಗಡಿಕಲ್ಲಿನ ಈಚೆಗೆ ಜಾಲಿಮರಕ್ಕೆ ಕಟ್ಟಿದರು.

"ಕರಿಯೋ ಮಗನ್ನ."

"ಕೊಂದರೂ ಕರಿಯಂಗಿಲ್ರಿ."

"ಬ್ಯಾಡ ಬಿಡು," ಅಂತ ನಕ್ಕ ಜಮಾದಾರ. "ಇದು ನೀನ ಕಲಿಸಿದ ವಿದ್ಯೆ."

ಕಾನ್‌ಸ್ಟೇಬಲ್‌ಗಳು ಹೋಗಿ ಪೊದೆಗಳ ಹಿಂದೆ ಕೂತರು. ಅವರು ಕೂತ ರೀತಿ ನೋಡಿ ತಾಯಪ್ಪನಿಗೆ ಎಲ್ಲ ತಿಳಿಯಿತು. ಬಾಯಿ ಬಿಟ್ಟರೆ ಮಗ ಹೋದ. ಹೆಗಲ ಮೇಲಿದ್ದ ವಲ್ಲಿಯ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಬೆನ್ನಿನ ಮೇಲೆ ಬೆತ್ತ ಬಿದ್ದಾಗ ತುಟಿ ಬಿಚ್ಚಲಿಲ್ಲ. ಜಂಬಯ್ಯ ಉರುಳು ಹಾಕುತ್ತಲೇ ಬೆಳೆದವನು, ಅವನು ಮೋಸ ಹೋಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಆಮೇಲೆ ಲಾಠಿ ಮೊಣಕಾಲ ಚಿಪ್ಪಿನ ಮೇಲೆ ಬಿತ್ತು.

"ಯವ್ವಾ!"

ಗುಡ್ಡವೆಲ್ಲ ಕೇಳುವಂಥ ಕೂಗು. ಕೂಗಿದ್ದು ತಾನೇ ಎಂದು ತಿಳಿಯುವುದಕ್ಕೇ ತಾಯಪ್ಪನಿಗೆ ಒಂದು ಗಳಿಗೆ ಬೇಕಾಯಿತು. ಗಾಬರಿಯಲ್ಲಿ ಇನ್ನೂ ಜೋರಾಗಿ ಒದರಿದ: "ಬರಬ್ಯಾಡಲೇ ಜಂಬಯ್ಯಾ! ನಿನ್ನ ಕಾಲು ಬೀಳ್ತೀನಿ, ಬರಬ್ಯಾಡೋ!"

ಮೇಲೆ ಕಲ್ಲು ಉರುಳಿದ ಸದ್ದಾಯಿತು. ಜಂಬಯ್ಯ ಎದೆಯುಬ್ಬಿಸಿಕೊಂಡು, ಮುಳ್ಳುಕಂಟಿ ಲೆಕ್ಕಿಸದೆ ನೆಟ್ಟಗೆ ಓಡಿ ಬರುತ್ತಿದ್ದ. ಗಡಿಕಲ್ಲು ದಾಟಿದ. ಪೊದೆಗಳು ಎದ್ದು ನಿಂತವು.

ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಕೂಡಿಸಿದಾಗ ತಾಯಪ್ಪ ಬಿಕ್ಕುತ್ತ ಕೇಳಿದ, "ಉರುಳು ಅಂತ ಗೊತ್ತಾಗ್ಲಿಲ್ಲೇನಲೇ, ನನ್ನಪ್ಪಾ?"

"ಗೊತ್ತಾತಪ್ಪ. ಪೊದಿ ಹಿಂದ ಪೊಲೀಸರ ಕೆಂಪು ರುಮಾಲು ಕಂಡ್ವು. ಕಲ್ಲು ದಾಟಬ್ಯಾಡ, ದಾಟಬ್ಯಾಡ ಅಂತ ಅನಕೋತನಾ ಇದ್ದೆ. ನೋಡ್ತೀನಿ, ದಾಟಿಬಿಟ್ಟಿದ್ದೆ." ಹುಡುಗ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. "ನಿನಗ ಭಾಳ ಪೆಟ್ಟಾತೇನು?"

ಮಳೆಗಾಲ ಮುಗಿಯುವುದರೊಳಗೆ ಬಳ್ಳಾರಿಯಲ್ಲಿ ಜಂಬಯ್ಯನನ್ನು ಗಲ್ಲಿಗೆ ಹಾಕಿದರು. ಸುದ್ದಿ ಬಂದ ಮಾರನೆಯ ಬೆಳಿಗ್ಗೆ, ಪೊಲೀಸರು ಬಿಟ್ಟುಕಳಿಸಿದ್ದ ತಾಯಪ್ಪ ಮನೆಯ ಗೋಡೆಗೆ ಒರಗಿ ಕೂತಿದ್ದ, ಒಲೆ ಹಚ್ಚಿರಲಿಲ್ಲ. ಅಕ್ಕಪಕ್ಕದವರು ಹಾಕಿದ ಕಾಳು ತಿಂದುಕೊಂಡಿದ್ದ ಗೌಜಲ, ಬೆಳಕು ಕಂಡಿದ್ದೇ ತಡ, ಎಂದಿನ ಹಾಗೆ ಕೂಗಿತು. ದೂರದ ಗುಡ್ಡದಿಂದ ಇನ್ನೊಂದು ಉತ್ತರ ಕೊಟ್ಟಿತು.

ತಾಯಪ್ಪ ನೋಡಿಕೊಂಡಾಗ ತಾನು ಎದ್ದು ನಿಂತಿದ್ದ. ಗೂಟಕ್ಕೆ ನೇತುಹಾಕಿದ್ದ ಉರುಳಿನ ಚೀಲವನ್ನು ಬಲಗೈ ಆಗಲೇ ಇಳಿಸಿಕೊಂಡಿತ್ತು. ಆ ಕೈಯನ್ನು ನೋಡುತ್ತ ನೋಡುತ್ತ, ಮಗ ಸತ್ತ ಮೇಲೆ ಮೊದಲ ಸಲ, ಗೊಳೋ ಎಂದು ಅತ್ತ.